ಮಿಂಚಿನ ಎರಡು ಬೆರಳು

ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಿಂಚಿನ ಮೇಜಿನ ಮೇಲಿದ್ದ ಕಂಪ್ಯೂಟರು ಬದಲಾಗಿಹೋಗಿತ್ತು.

ಹಳೆಯದು ಕೂತಿದ್ದ ಜಾಗದಲ್ಲಿ ಧೂಳಿನ ನಡುವೆ ಒಂದು ಚೌಕದ ಗುರುತು ಉಳಿದಿತ್ತು. ಅದರ ಮೇಲೆ ಹೊಸದೊಂದು, ಮೈಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ, ಠೀವಿಯಿಂದ ನಿಂತಿತ್ತು. ಕಂಪ್ಯೂಟರ್ ರಿಪೇರಿಯವನು ಮೇಜಿನಡಿ ತೂರಿಕೊಂಡು ವೈರು ಸಿಕ್ಕಿಸುತ್ತಿದ್ದ. ಕಾಣುತ್ತಿದ್ದುದು ಅವನ ಬೆನ್ನು ಮಾತ್ರ. ಇದು ಮುಂದಿನ ವಾರ ಬರಬೇಕಿತ್ತಲ್ಲ ಎಂದು ಮಿಂಚು ಆ ಬೆನ್ನನ್ನೇ ಕೇಳಿದ. ಮುಖ್ಯ ಕಚೇರಿಯ ಮೇಡಂ ಇವತ್ತು ಬರುತ್ತಾರಂತಲ್ಲ, ಅವರ ಕಣ್ಣಿಗೆ ಹೊಸ ಮಷೀನು ಬೀಳಬೇಕು ಅಂತ ನಿಮ್ಮ ವಿಭಾಗದ ಮುಖ್ಯಸ್ಥರೇ ಫೋನು ಮಾಡಿ ಕರೆಸಿದರು ಎಂದು ಬೆನ್ನು ಉತ್ತರ ಕೊಟ್ಟಿತು.

"ಹಳೇದು ಎಲ್ಲಿ?"

"ರಿಸೆಪ್ಷನ್‌ಗೆ ಹೋಯ್ತು. ಅಲ್ಲಿದ್ದದ್ದು ಕೆಟ್ಟುಹೋಗಿತ್ತು."

"ಅದರಲ್ಲಿ ನಂದೊಂದು ಸೆಟ್ಟಿಂಗ್ಸ್ ಫೈಲ್ ಇತ್ತು."

"ಇದರಲ್ಲೂ ಸೆಟ್ಟಿಂಗ್ಸ್ ಇದೆ ಸಾರ್. ಕಂಪನಿಯವರೇ ಹಾಕಿ ಕಳಿಸಿರ್ತಾರೆ," ಎಂದ ರಿಪೇರಿಯವನು, ಎದ್ದು ಮೊಣಕಾಲು ಕೊಡವಿಕೊಂಡು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಮಿಂಚು ಕುರ್ಚಿಯಲ್ಲಿ ಕುಸಿದ. ಅಂಗೈ ಬೆವರಿ ಈಗಷ್ಟೇ ತೊಳೆದ ಕೈಯನ್ನು ಮತ್ತೆ ತೊಳೆಯುವ ಹಾಗಾಯಿತು.

ಅದು ಮಿಕ್ಸಿ ತಯಾರಿಸುವ ಕಂಪನಿಯೊಂದರ ಶಾಖೆ. ಕೊಂಡವರು ಬರೆಯುವ ದೂರುಗಳಿಗೆ ಉತ್ತರ ಬರೆಯುವುದು ಈ ವಿಭಾಗದ ಕೆಲಸ. ಬೇರೆಯವರೆಲ್ಲ ಸೇರಿ ಬರೆಯುವಷ್ಟು ಉತ್ತರಗಳು ಇವನೊಬ್ಬನ ಮೇಜಿನಿಂದ ಹೊರಬೀಳುತ್ತಿದ್ದವು. ಆದ್ದರಿಂದಲೇ ಅವನಿಗೆ ಮಿಂಚು ಎಂಬ ಹೆಸರು ಬಿದ್ದು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ನಿಜ ಹೇಳಬೇಕೆಂದರೆ ಮಿಂಚಿಗೆ ಟೈಪು ಮಾಡಲು ಬರುತ್ತಿದ್ದುದು ಎರಡೇ ಬೆರಳಿನಲ್ಲಿ. ಉಳಿದ ಎಂಟು ಸುಮ್ಮನೆ ಜೊತೆಗೆ ಬಂದ ನೆಂಟರು.

ವೇಗವೆಲ್ಲ ಇದ್ದದ್ದು ಆ ಫೈಲಿನಲ್ಲಿ. ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುವುದನ್ನು ಕಂಡು ಅವನು ಪ್ರತಿಯೊಂದಕ್ಕೂ ಒಳ್ಳೆಯ ಉತ್ತರವೊಂದನ್ನು ಬರೆದು, ಒಂದೊಂದು ಮಾತಿನ ಕೆಳಗೆ ಅಡಗಿಸಿಟ್ಟಿದ್ದ. ‘ಸದ್ದು’ ಎಂದು ಬರೆದು ಉದ್ದನೆಯ ಕೀ ಒತ್ತಿದರೆ ಸದ್ದಿನ ಬಗ್ಗೆ ಇಡೀ ಪ್ಯಾರಾ ಜಿಗಿದು ಬರುತ್ತಿತ್ತು. ‘ನೀರು’ ಎಂದರೆ ನೀರಿನದು, ‘ಹೊಗೆ’ ಎಂದರೆ ಹೊಗೆಯದು. ಪತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಆಮೇಲೂ ಓಡಾಡುವವರಿಗೆ ಕೇಳಲಿ ಎಂದು ಅವನು ಮೇಜಿನ ಅಂಚಿನ ಮೇಲೆ ಬೆರಳು ಕುಣಿಸುತ್ತ ಕೂರುತ್ತಿದ್ದ. ಮೊದಲ ಸಲ ಯಾರೋ "ಎಂಥ ಕೈರೀ ನಿಮ್ದು" ಎಂದಾಗ ನಿಜ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಆಮೇಲೆ ಹೇಳುವ ಹಾಗೇ ಇರಲಿಲ್ಲ.

ಆ ಫೈಲಿನಲ್ಲಿ ಇನ್ನೊಂದು ಮಾತೂ ಇತ್ತು. ಮುಖ್ಯಸ್ಥರು ಬೈದು ಹೋದ ದಿನ ಮಿಂಚು ಬಾಗಿಲ ಕಡೆ ನೋಡಿಕೊಂಡು ‘ಯಪ್ಪ’ ಎಂದು ಹೊಡೆಯುತ್ತಿದ್ದ. ಮುಖ್ಯಸ್ಥರ ಗುಣಗಾನ ಪರದೆಯ ಮೇಲೆ ಹರಿದು ಬರುತ್ತಿತ್ತು. ಒಂದು ಸಲ ಓದಿ, ಎದೆ ಹಗುರ ಮಾಡಿಕೊಂಡು, ಅಳಿಸಿ, ಮುಂದಿನ ದೂರಿಗೆ ಕೈ ಹಾಕುತ್ತಿದ್ದ. ತಲೆನೋವಿನ ಮಾತ್ರೆ ಇಟ್ಟುಕೊಂಡ ಹಾಗೆ ಅದನ್ನು ಇಟ್ಟುಕೊಂಡಿದ್ದ.

ಇವತ್ತು ಬರುವ ಮೇಡಂ ಸುಮ್ಮನೆ ಬರುತ್ತಿರಲಿಲ್ಲ. ಮುಖ್ಯ ಕಚೇರಿಯಲ್ಲಿ ಉತ್ತರ ವಿಭಾಗವನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಮಿಂಚಿನ ಕೀರ್ತಿ ಅಲ್ಲಿಯವರೆಗೆ ಹಬ್ಬಿತ್ತು, ಆ ಕೈಯನ್ನು ಕಣ್ಣಾರೆ ನೋಡಲು ಮೇಡಂ ಹೊರಟಿದ್ದರು. ಮುಖ್ಯ ಕಚೇರಿ ಇದ್ದ ಊರಿನಲ್ಲೇ ಮಿಂಚಿನ ಹೆಂಡತಿಯ ಕೆಲಸ, ಮಗಳ ಶಾಲೆ. ಇವನು ಶನಿವಾರ ಬಸ್ಸು ಹತ್ತಿ ಹೋಗಿ ಸೋಮವಾರ ಬೆಳಗಾಗುವ ಮೊದಲೇ ವಾಪಸು ಹೊರಡುತ್ತಿದ್ದ. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದಾಗ ಮಗಳು ಒಬ್ಬ ಮನುಷ್ಯನ ಕೈಯಲ್ಲಿ ಚೀಲ ಕೊಟ್ಟು, ಕೆಳಗೆ ‘ಶನಿವಾರದ ಅಪ್ಪ’ ಎಂದು ಬರೆದಿದ್ದಳಂತೆ. ಹೆಂಡತಿ ಅದನ್ನು ನಗುತ್ತಲೇ ಹೇಳಿದ್ದಳು. ಇವನಿಗೆ ಆ ರಾತ್ರಿ ಅನ್ನ ಇಳಿದಿರಲಿಲ್ಲ.

ಇವತ್ತು ಬೆಳಗ್ಗೆಯೂ ಫೋನು ಮಾಡಿದ್ದಳು. "ನಿಮ್ಮ ಕೈ ನೋಡಿದ್ರೆ ಸಾಕು, ಅವರು ಕಣ್ಣು ಮುಚ್ಚಿಕೊಂಡು ಒಪ್ಕೋತಾರೆ," ಎಂದಿದ್ದಳು. ಹೆಂಡತಿಗೂ ಅವನು ನಿಜ ಹೇಳಿರಲಿಲ್ಲ.

ಮಿಂಚು ಹೊಸ ಕಂಪ್ಯೂಟರಿನ ಮೇಲೆ ಬಿದ್ದ. ಹಳೆಯದರಲ್ಲಿ ಎಲ್ಲವೂ ಅವನ ಅಳತೆಗೆ ಒಗ್ಗಿಹೋಗಿತ್ತು: ಕಪ್ಪು ಪರದೆಯ ಮೇಲೆ ಹಳದಿ ಅಕ್ಷರ, ದಪ್ಪನೆಯ ಬಾಣ, ಅವನ ನಿಧಾನದ ಬೆರಳಿಗೆ ತಕ್ಕ ಹಾಗೆ ಕಾಯುವ ಮೌಸು. ಇದು ಆಸ್ಪತ್ರೆಯ ಗೋಡೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಫೈಲು ಸಿಗದಿದ್ದರೆ ಹೋಗಲಿ, ಹೊಸದಾಗಿ ಬರೆದೇಬಿಡೋಣ ಎಂದು ‘ಸದ್ದು’ ಎಂಬುದರಿಂದ ಶುರುಮಾಡಿದ. ಆದರೆ ಆ ಪ್ಯಾರಾದ ಒಂದು ಸಾಲೂ ನೆನಪಾಗಲಿಲ್ಲ. ಎಷ್ಟೋ ವರ್ಷದ ಹಿಂದೆ ಒಂದೇ ಒಂದು ಸಲ ಬರೆದದ್ದು, ಆಮೇಲೆ ಅದು ತಾನಾಗಿಯೇ ಬರುತ್ತಿತ್ತು.

ಅಷ್ಟರಲ್ಲಿ ಕ್ಯಾಷಿಯರ್ ಬಂದರು. ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಏಳಿ ಏಳಿ, ನನ್ನ ಅಳಿಯನ ಕಂಪ್ಯೂಟರನ್ನು ಸೆಟ್ ಮಾಡಿದವನೇ ನಾನು ಎಂದು ಮಿಂಚನ್ನು ಎಬ್ಬಿಸಿ ಕೂತರು. ಸೂಕ್ಷ್ಮ ಕೆಲಸ ಎಂದು ಕನ್ನಡಕ ಬದಲಿಸಿಕೊಂಡು, ಸಿಕ್ಕ ಸಿಕ್ಕ ಕಡೆಯೆಲ್ಲ ಒತ್ತಿದರು. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದೊಡ್ಡದಾದವು. ಮೌಸಿನ ಎಡ ಬಲ ಅದಲು ಬದಲಾಯಿತು. ಕೊನೆಗೆ ಇನ್ನೇನನ್ನೋ ಒತ್ತಿದಾಗ ಕಂಪ್ಯೂಟರು ಬಾಯಿಬಿಟ್ಟು ಮಾತಾಡತೊಡಗಿತು. ಒತ್ತಿದ ಅಕ್ಷರವನ್ನೂ ಮುಗಿದ ಮಾತನ್ನೂ ಹೆಣ್ಣುದನಿಯೊಂದು ಗಟ್ಟಿಯಾಗಿ ಹೇಳುತ್ತಿತ್ತು.

"ನೋಡಿ, ಇನ್ನು ಕಣ್ಣಿಗೆ ತ್ರಾಸೇ ಇಲ್ಲ," ಎಂದು ಕ್ಯಾಷಿಯರ್ ಎದ್ದರು. ಇದನ್ನು ನಿಲ್ಲಿಸುವುದು ಹೇಗೆ ಎಂದು ಮಿಂಚು ಕೇಳಿದ. ನಿಲ್ಲಿಸುವುದು ಯಾಕೆ ಎಂದು ಅವರು ತಿರುಗಿ ಕೇಳಿ, ಹೋಗಿಬಿಟ್ಟರು.

ಇನ್ನು ಉಳಿದದ್ದು ಒಂದೇ ದಾರಿ. ಮಿಂಚು ಡ್ರಾಯರಿನಿಂದ ಪೆನ್ ಡ್ರೈವ್ ತೆಗೆದು ಮುಷ್ಟಿಯಲ್ಲಿ ಅಡಗಿಸಿಕೊಂಡು, ಏನೂ ಆಗದವನ ಹಾಗೆ ರಿಸೆಪ್ಷನ್ ಕಡೆ ನಡೆದ.

ಅಲ್ಲಿ ಆಗಲೇ ಜನ ಸೇರಿದ್ದರು. ರಿಸೆಪ್ಷನಿಸ್ಟ್ ಅಕ್ಕ ಟೈಪಿಂಗ್ ಕ್ಲಾಸಿಗೆ ಹೋಗಿ ಕಲಿತವರು. ಹತ್ತೂ ಬೆರಳು ಓಡಿಸುತ್ತಿದ್ದರು, ಹಾಗೆ ಕಲಿತವರ ಶಿಸ್ತಿನಂತೆ ಪರದೆಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮುಖ್ಯಸ್ಥರು ಹೇಳಿದ ಸೂಚನೆಯನ್ನು ಅವರು ಹಳೆಯ ಕಂಪ್ಯೂಟರಿನಲ್ಲಿ ಹೊಡೆದು, ಪ್ರಿಂಟು ತೆಗೆದು, ಬಾಗಿಲಿಗೆ ಅಂಟಿಸಿಯೂ ಆಗಿತ್ತು. ಈಗ ಎಲ್ಲರೂ ಅದನ್ನು ಓದುತ್ತ ನಿಂತಿದ್ದರು:

‘ಮುಖ್ಯ ಕಚೇರಿಯಿಂದ ಅಧಿಕಾರಿಗಳು ಬರುತ್ತಿದ್ದಾರೆ. ಯಾರೂ ತಮ್ಮ ಯಂತ್ರದಿಂದ ಸದ್ದು ಬರುವುದು ಅದರ ಸಹಜ ಗುಣವಾಗಿದ್ದು ಕೆಲವೇ ದಿನಗಳಲ್ಲಿ ತಮಗೆ ಅಭ್ಯಾಸವಾಗುತ್ತದೆ ಮಾಡಬಾರದು. ಕುಡಿಯುವ ಯಂತ್ರದೊಳಗೆ ನೀರು ಹೋಗಿರುವುದು ತಮ್ಮ ಅಜಾಗರೂಕತೆಯಿಂದಲೇ ಎಂದು ವಿಷಾದದಿಂದ ತಿಳಿಸುತ್ತೇವೆ ಅವರ ಮೇಜಿನ ಮೇಲಿಡಬೇಕು.’

ಅಕ್ಕ ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ಸರಿಸಿಕೊಂಡು ಕೂತಿದ್ದರು. ನಾನು ಹೊಡೆದದ್ದು ಇದಲ್ಲ, ಈ ಮಷೀನಿಗೆ ಏನೋ ಮೆಟ್ಟಿಕೊಂಡಿದೆ ಎನ್ನುತ್ತಿದ್ದರು. ಅಷ್ಟರಲ್ಲಿ ಮುಖ್ಯಸ್ಥರು ಕಿವಿಯಲ್ಲಿ ಪೆನ್ಸಿಲ್ ಆಡಿಸುತ್ತ ಬಂದರು. ಸೂಚನೆ ಓದಿದರು. ಪೆನ್ಸಿಲ್ ಕಿವಿಯಲ್ಲೇ ನಿಂತಿತು.

"ಯಾರ್ರೀ ಇದನ್ನೆಲ್ಲ ಮಷೀನಿಗೆ ತುಂಬಿದ್ದು? ಯಾರೇ ಆಗಿರ್ಲಿ, ಸಂಜೆಯೊಳಗೆ ಗೋಡೌನ್‌ಗೆ ಹಾಕ್ತೀನಿ. ಡಬ್ಬ ಎಣಿಸ್ಕೊಂಡು ಬಿದ್ದಿರ್ಲಿ," ಎಂದು ಅವರು ಸುತ್ತ ನೋಡಿ, ಮಿಂಚಿನ ಮೇಲೆ ಕಣ್ಣು ನೆಟ್ಟರು. "ಇದು ನಿಮ್ಮ ಮಷೀನಲ್ವೇನ್ರಿ?"

ಮಿಂಚು ಮುಷ್ಟಿಯನ್ನು ಇನ್ನಷ್ಟು ಬಿಗಿ ಹಿಡಿದ. ಹೌದು ಎಂದರೆ ಗೋಡೌನು. ಅದಕ್ಕಿಂತ ಮೊದಲು, ಮಿಂಚಿನ ಕೈಯೆಂದರೆ ಇಷ್ಟೇನಾ ಎಂದು ಎಲ್ಲರೂ ನಗುವುದು.

"ನನಗೆ ಇದೆಲ್ಲ ಯಾಕೆ ಬೇಕು ಸಾರ್?" ಎಂದ. "ನನ್ನ ಕೈಯೇ ಇದೆಯಲ್ಲ."

ಅದೂ ಸರಿಯೇ, ಮಿಂಚಿಗೆ ಇಂಥ ಕಳ್ಳದಾರಿ ಯಾಕೆ ಎಂದು ಕ್ಯಾಷಿಯರ್ ಸಾಕ್ಷಿ ನುಡಿದರು. ಅಷ್ಟಕ್ಕೇ ಬಿಡದೆ, ಎಲ್ಲರ ಅನುಮಾನವೂ ಹೋಗಲಿ, ನಿಮ್ಮ ಕೈಯಾಣೆ ಮಾಡಿಬಿಡಿ ಎಂದರು. ಮಿಂಚು ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟು, ಈ ಕೈಗಳ ಆಣೆಗೂ ಅದು ನನ್ನದಲ್ಲ ಎಂದ. ಆಣೆ ಮಾಡಲು ಮುಷ್ಟಿ ಬಿಚ್ಚಬೇಕಾಯಿತು. ಪೆನ್ ಡ್ರೈವ್ ಟಣ್ಣೆಂದು ನೆಲಕ್ಕೆ ಬಿತ್ತು.

ಮಗಳ ಫೋಟೋ ಇದೆ ಸಾರ್ ಅದರಲ್ಲಿ ಎಂದು ತೊದಲಿದ. ಇವತ್ತು ಯಾರೂ ಈ ಮಷೀನಿಗೆ ಏನೂ ಚುಚ್ಚುವ ಹಾಗಿಲ್ಲ ಎಂದು ಮುಖ್ಯಸ್ಥರು ಅದನ್ನೆತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಎಲ್ಲ ಆ ರಿಪೇರಿಯವನ ಕೆಲಸ ಎಂದು ತೀರ್ಮಾನವಾಯಿತು. ಮಿಂಚು ಮೇಜಿಗೆ ವಾಪಸು ಬಂದು, ಮಾತಾಡುವ ಕಂಪ್ಯೂಟರಿನ ಮುಂದೆ ಬಾಯಿ ಕಟ್ಟಿದವನ ಹಾಗೆ ಕೂತ.

ಊಟದ ಹೊತ್ತಿಗೆ ಇನ್ನೊಂದು ಫಜೀತಿ. ಉತ್ತರ ಬರೆಯದ ದೂರುಗಳ ರಾಶಿ ಮೇಡಂ ಕಣ್ಣಿಗೆ ಬೀಳಬಾರದೆಂದು ಮುಖ್ಯಸ್ಥರು ಅರ್ಧವನ್ನು ರಿಸೆಪ್ಷನಿಸ್ಟ್ ಅಕ್ಕನಿಗೆ ಕೊಟ್ಟರು. ಅಕ್ಕ ಹೆದರಿಕೊಂಡೇ ಶುರುಮಾಡಿದರು, ಆದರೆ ಈಗ ಪರದೆ ನೋಡಿಕೊಂಡು ಹೊಡೆದರು. ಬೆಳಗ್ಗೆ ಭೂತವಾಗಿದ್ದದ್ದು ಮಧ್ಯಾಹ್ನಕ್ಕೆ ಕೆಲಸಕ್ಕೆ ಬಂತು. ಸದ್ದಿನ ದೂರಿಗೆ ‘ಸದ್ದು’ ಎಂದರೆ ಸಾಕು ಎನ್ನುವುದು ಅವರಿಗೆ ಹೊಳೆಯಿತು. ಆಮೇಲೆ ರಿಸೆಪ್ಷನಿನ ಪ್ರಿಂಟರು ಉಸಿರು ತೆಗೆದುಕೊಳ್ಳಲಿಲ್ಲ. ತನ್ನದೇ ಮಾತುಗಳು ಅಲ್ಲಿ ಕಾಗದವಾಗಿ ಬೀಳುವ ಸದ್ದು ಮಿಂಚಿನ ಮೇಜಿನವರೆಗೂ ಕೇಳುತ್ತಿತ್ತು.

ಮೇಡಂ ಬಂದರು. ಸಣ್ಣಗಿನ, ಕಡಿಮೆ ಮಾತಿನ ಹೆಂಗಸು. ಬಂದವರೇ ಒಂದು ಕುರ್ಚಿ ಎಳೆದುಕೊಂಡು ಮಿಂಚಿನ ಪಕ್ಕ ಕೂತು, ಬರೀರಿ, ನಾನು ಸುಮ್ಮನೆ ನೋಡುತ್ತೇನೆ ಎಂದರು. ಹಿಂದೆ ಇಡೀ ಕಚೇರಿ ನಿಂತಿತ್ತು. ಮಿಂಚು ಎರಡು ಬೆರಳನ್ನು ಎತ್ತಿದ.

"ಮಾ," ಎಂದಿತು ಕಂಪ್ಯೂಟರು, ಗಟ್ಟಿಯಾಗಿ.

ಮಿಂಚು ‘ನ್ಯ’ ಹುಡುಕಿದ. ಕೀಲಿಗಳೆಲ್ಲ ಜಾಗ ಬಿಟ್ಟು ಓಡಾಡುತ್ತಿರುವಂತೆ ಕಂಡಿತು.

"ನ್ಯ," ಎಂದಿತು ಕಂಪ್ಯೂಟರು, ಬಹಳ ಹೊತ್ತಿನ ಮೇಲೆ.

ಯಾರೋ ಕೆಮ್ಮಿದರು. ಮಾನ್ಯ ಗ್ರಾಹಕರೇ ಎಂದು ಮುಗಿಯುವಷ್ಟರಲ್ಲಿ ಮಿಂಚಿನ ಅಂಗಿ ಬೆನ್ನಿಗೆ ಅಂಟಿತ್ತು. ಮೇಡಂ ಮೆಲ್ಲನೆ, "ನಿಮ್ಮನ್ನೇ ಅಲ್ವಾ ಮಿಂಚು ಅಂತ ಕರೆಯೋದು?" ಎಂದು ಕೇಳಿದರು. ಕೀಬೋರ್ಡು ಹೊಸದು ಮೇಡಂ ಎಂದ ಮಿಂಚು. ಆಗ ಅವರ ಕಿವಿ ರಿಸೆಪ್ಷನಿನ ಪ್ರಿಂಟರಿನ ಕಡೆ ತಿರುಗಿತು. ಅದ್ಯಾರು ಅಷ್ಟು ಜೋರಾಗಿ ಕೆಲಸ ಮಾಡುತ್ತಿರುವುದು ಎಂದು ಎದ್ದೇ ಹೊರಟರು. ಕಚೇರಿಯೂ ಹಿಂದೆ ಹೊರಟಿತು.

ಅಕ್ಕ ತಲೆ ತಗ್ಗಿಸಿ ಹೊಡೆಯುತ್ತಿದ್ದರು. ಮೇಡಂ ಬಾಗಿ ನೋಡಿದರು, ಬಿದ್ದ ಕಾಗದಗಳನ್ನು ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಇಷ್ಟು ಚೊಕ್ಕ ಉತ್ತರಗಳನ್ನು ನಾನು ಎಲ್ಲೂ ನೋಡಿಲ್ಲ ಎಂದರು. ಅಕ್ಕ ಪ್ರಾಮಾಣಿಕರು, ಇದು ನನ್ನದಲ್ಲ ಮೇಡಂ, ಯಾರೋ ಈ ಮಷೀನಿನಲ್ಲಿ ಬರೆದಿಟ್ಟಿದ್ದಾರೆ, ನಾನು ಒಂದು ಮಾತು ಹೊಡೆದರೆ ಉಳಿದದ್ದು ಅದೇ ಬರುತ್ತದೆ ಎಂದುಬಿಟ್ಟರು.

"ಹಾಗಾದ್ರೆ ನನಗೆ ಬೇಕಾಗಿರೋದು ವೇಗದ ಕೈ ಅಲ್ಲ," ಎಂದರು ಮೇಡಂ. "ಇದನ್ನ ಬರೆದಿಟ್ಟ ತಲೆ. ಅವರನ್ನೇ ಕರ್ಕೊಂಡು ಹೋಗ್ತೀನಿ. ಯಾರದು?"

ಮಿಂಚು ಒಂದು ಹೆಜ್ಜೆ ಮುಂದೆ ಬಂದ. ನನ್ನದು ಎನ್ನಲು ಬಾಯಿ ತೆರೆದ. ಬೆಳಗಿನ ಆಣೆ ಗಂಟಲಲ್ಲಿ ಸಿಕ್ಕಿಕೊಂಡು ಮಾತು ಒಂದು ಕ್ಷಣ ತಡವಾಯಿತು. ಆ ಒಂದು ಕ್ಷಣ ಮುಖ್ಯಸ್ಥರಿಗೆ ಸಾಕಾಯಿತು.

"ನಂದೇ ಮೇಡಂ," ಎಂದರು ಅವರು, ನೆಲ ನೋಡಿ ನಾಚಿಕೊಂಡು. "ಬಿಡುವಿದ್ದಾಗ ಸ್ವಲ್ಪ ಸ್ವಲ್ಪ ಬರೆದಿಟ್ಟೆ."

"ಅಲ್ಲ ಮೇಡಂ, ಅದು ನಂದು," ಎಂದ ಮಿಂಚು.

ಎಲ್ಲರೂ ತಿರುಗಿದರು. ಕ್ಯಾಷಿಯರ್ ಅವನ ತೋಳು ಹಿಡಿದು, ಪಾಪ, ಬೆಳಗ್ಗೆಯಿಂದ ತಲೆ ಕೆಟ್ಟಿದೆ ಇವರಿಗೆ ಎಂದು ಸಮಾಧಾನ ಮಾಡಿದರು. "ಬೆಳಗ್ಗೆ ಎಲ್ಲರ ಮುಂದೆ ಕೈಯಾಣೆ ಮಾಡಿದ್ದಾರೆ ಮೇಡಂ, ಇವರದ್ದಲ್ಲ. ನಾನೇ ಮಾಡಿಸಿದ್ದು." ಮುಖ್ಯಸ್ಥರು ಬೆಳಗ್ಗೆ ಬೈದದ್ದರ ವಿಷಯ ಮಾತ್ರ ಅವರಿಗೆ ನೆನಪಾಗಲಿಲ್ಲ.

ಮಿಂಚಿನ ಕಣ್ಣ ಮುಂದೆ ಚೀಲ ಹಿಡಿದು ನಿಂತ ಶನಿವಾರದ ಅಪ್ಪ ಬಂದ. ಇಷ್ಟು ವರ್ಷ ಹೆದರಿದ್ದು ಸಾಕು ಎನ್ನಿಸಿತು. ಆ ಫೈಲು ಯಾರದೆಂದು ತೋರಿಸುವ ಮಾತು ಅದರೊಳಗೇ ಒಂದಿತ್ತು. ಅದು ಹೊರಬಿದ್ದರೆ ಮುಖ್ಯಸ್ಥರು ಜನ್ಮದಲ್ಲಿ ಬಿಡುವುದಿಲ್ಲ. ಆದರೆ ನಾಳೆಯಿಂದ ತಾನು ಇಲ್ಲಿ ಇದ್ದರೆ ತಾನೇ?

"ಒಂದೇ ಒಂದು ಮಾತು ಹೊಡೆದು ತೋರಿಸ್ತೀನಿ ಮೇಡಂ," ಎಂದ. "ಬರೆದವರು ಯಾರು ಅಂತ ನಿಮಗೇ ಗೊತ್ತಾಗುತ್ತೆ."

ಅಕ್ಕ ಎದ್ದು ಜಾಗ ಬಿಟ್ಟರು. ಮಿಂಚು ತನ್ನ ಹಳೆಯ ಕೀಲಿಗಳ ಮೇಲೆ ಎರಡು ಬೆರಳಿಟ್ಟ. ಇಲ್ಲಿ ಯಾವುದನ್ನೂ ಹುಡುಕಬೇಕಾಗಿರಲಿಲ್ಲ. ‘ಯಪ್ಪ’ ಎಂದು ಹೊಡೆದು, ಉದ್ದನೆಯ ಕೀ ಒತ್ತಿದ.

ಹಳದಿ ಅಕ್ಷರಗಳು ಹರಿದು ಬಂದವು. ಮೇಡಂ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"‘ಈ ವಿಭಾಗದ ಮುಖ್ಯಸ್ಥರೆಂಬುವರು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡು ಅದೇ ಪೆನ್ಸಿಲ್ಲಿನಿಂದ ಪತ್ರ ತಿದ್ದುತ್ತಾರೆ. ತಿದ್ದಿದ್ದನ್ನು ಮರುದಿನ ತಾವೇ ತಪ್ಪೆನ್ನುತ್ತಾರೆ. ಓದದೆ ಸಹಿ ಹಾಕುತ್ತಾರೆ. ಡಬ್ಬಿ ಯಾರದೇ ಇರಲಿ, ಮೊದಲ ತುತ್ತು ಅವರದು. ಕೆಲಸ ಯಾರದೇ ಇರಲಿ, ಹೆಸರು ಅವರದು. ಇಂಥವರನ್ನು ಕಟ್ಟಿಕೊಂಡು ಕಂಪನಿ ಹೇಗೆ ಉದ್ಧಾರವಾಗುತ್ತದೋ ದೇವರಿಗೇ ಗೊತ್ತು.’"

ಮುಖ್ಯಸ್ಥರ ಮುಖ ಮೊದಲು ಕೆಂಪಾಗಿ, ಆಮೇಲೆ ಸುಣ್ಣದಂತಾಯಿತು. ಕೈಯಲ್ಲಿದ್ದ ಪೆನ್ಸಿಲನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿಕೊಂಡರು. ಮಿಂಚು ಎದೆಯುಬ್ಬಿಸಿ ನಿಂತ.

ಮೇಡಂ ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. ಅವರು ನೇರ ಮುಖ್ಯಸ್ಥರ ಮುಂದೆ ಹೋಗಿ ನಿಂತರು.

"ಇದನ್ನ ನೀವೇ ಬರೆದಿದ್ದೀರಾ?"

ಮುಖ್ಯಸ್ಥರು ಪರದೆ ನೋಡಿದರು, ಮಿಂಚನ್ನು ನೋಡಿದರು, ಬಾಗಿಲು ನೋಡಿದರು. ಅಲ್ಲ ಎಂದರೆ ಫೈಲೂ ಕೈಬಿಡುತ್ತಿತ್ತು. "ಹೌದು ಮೇಡಂ," ಎಂದರು, ಕೇಳಿಸೀ ಕೇಳಿಸದ ಹಾಗೆ.

"ತಮ್ಮ ತಪ್ಪನ್ನ ತಾವೇ ಇಷ್ಟು ಬಿಡಿಸಿ ಬರೆದು, ದಿನಾ ಓದಿಕೊಳ್ಳೋ ಮುಖ್ಯಸ್ಥರನ್ನ ನಾನು ನೋಡೇ ಇಲ್ಲ. ಕೈಕೆಳಗಿನವರ ಕಣ್ಣಿಂದ ತಮ್ಮನ್ನೇ ನೋಡ್ಕೊಂಡಿದ್ದೀರಿ. ನಾನೂ ಎಷ್ಟೋ ಕಾಗದಕ್ಕೆ ಓದದೆ ಸಹಿ ಹಾಕಿದೀನಿ," ಎಂದು ಮೇಡಂ ಮೂಗೊರೆಸಿಕೊಂಡು, ಮಿಂಚಿನ ಕಡೆ ತಿರುಗಿದರು. "ನಿಮ್ಮ ಮುಖ್ಯಸ್ಥರ ದೊಡ್ಡ ಗುಣ ತೋರಿಸಿಕೊಟ್ರಿ. ತುಂಬ ಉಪಕಾರ ಆಯ್ತು."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಕ್ಯಾಷಿಯರ್.

ಸಂಜೆ ಹಳೆಯ ಕಂಪ್ಯೂಟರನ್ನು ಮೇಡಂ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನಂತೆ ಮಲಗಿಸಿದರು. ಬರೆದವರ ಜೊತೆಯಲ್ಲೇ ಅದೂ ಇರಬೇಕು ಎಂದು ಅಪ್ಪಣೆಯಾಗಿತ್ತು. ಕಾರು ಹತ್ತುವ ಮೊದಲು ಮುಖ್ಯಸ್ಥರು ಮಿಂಚನ್ನು ಪಕ್ಕಕ್ಕೆ ಕರೆದರು. ನಿಮ್ಮಂಥ ಕೈ ಈ ಶಾಖೆ ಬಿಟ್ಟು ಎಲ್ಲೂ ಹೋಗಬಾರದು ಅಂತ ಮೇಡಂಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ ಎಂದರು. ಆಮೇಲೆ ದನಿ ತಗ್ಗಿಸಿ, "ಮೊದಲು ಪತ್ರ ತಿದ್ದೋದು ಕಣ್ರಿ, ಕಿವಿ ಆಮೇಲೆ," ಎಂದು, ಜೇಬಿನಿಂದ ಪೆನ್ ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟರು. ಮಗಳ ಫೋಟೋ ಜೋಪಾನ ಎಂದರು. ಅದರಲ್ಲಿ ಏನೂ ಇರಲಿಲ್ಲ.

ಹೆಂಡತಿಯ ಫೋನು ಬಂತು. ಏನಾಯ್ತು ಎಂದು ಕೇಳಿದಳು. ಹೊಸ ಕಂಪ್ಯೂಟರು ಕೊಟ್ಟಿದ್ದಾರೆ ಎಂದ. ಆ ಕಡೆಯಿಂದ ಮಗಳ ದನಿ ಕೇಳಿಸಿತು, ಅಪ್ಪ ಇನ್ನು ಸೋಮವಾರವೂ ಇರುತ್ತಾರಾ ಎಂದು. ಶನಿವಾರ ಬರುತ್ತೇನೆ ಎಂದು ಹೇಳು ಎಂದು ಫೋನಿಟ್ಟ. ಕಣ್ಣಿಗೆ ಎದುರಿನ ಬಿಳಿ ಪರದೆ ಚುಚ್ಚುತ್ತಿತ್ತು. ದುಃಖವೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ.

ಅಭ್ಯಾಸಬಲದಿಂದ ಅವನು ಬಾಗಿಲ ಕಡೆ ಒಂದು ಸಲ ನೋಡಿ, ಎರಡು ಬೆರಳಿನಲ್ಲಿ ಆ ಮಾತನ್ನು ಹೊಡೆದು, ಉದ್ದನೆಯ ಕೀ ಒತ್ತಿ ಕಾದ. ಪರದೆಯ ಮೇಲೆ, ಅಂಗಡಿ ಬೋರ್ಡಿನಷ್ಟು ದೊಡ್ಡ ಅಕ್ಷರದಲ್ಲಿ, ಆ ಮಾತೊಂದೇ ನಿಂತಿತ್ತು. ಹಿಂದೆ ಏನೂ ಬರಲಿಲ್ಲ.

"ಯಪ್ಪ," ಎಂದಿತು ಕಂಪ್ಯೂಟರು, ಇಡೀ ಕಚೇರಿಗೆ ಕೇಳುವ ಹಾಗೆ.

ಕ್ಯಾಷಿಯರ್ ತಲೆಯೆತ್ತಿ, ಏನಾಯ್ತ್ರಿ ಎಂದು ಕೇಳಿದರು.

"ಏನಿಲ್ಲ," ಎಂದ ಮಿಂಚು. "ಸೆಟ್ಟಿಂಗ್ಸ್ ಮಾಡ್ತಿದೀನಿ."